ಬೀರುವಿನೊಳಗಿನ ಕೋಲ್ಟ್: ಹಳೆಯ ರಿವಾಲ್ವರ್ ಒಂದನ್ನು ಸಾಕಿದ ನನ್ನ ಅನುಭವ

ಕೊಡಗಿನಲ್ಲಿ ಕೋವಿ ಎಂದೊಡನೆ ಎಲ್ಲರ ಕಣ್ಣ ಮುಂದೆ ಬರುವುದು ಉದ್ದ ನಳಿಗೆಯ ತೋಕ್. ಕೈಲ್‌ಪೊಳ್ದ್ ಎಂಬ ಆಯುಧಪೂಜೆಯ ಹಬ್ಬದಂದು ನೆಲ್ಲಕ್ಕಿ ಬಾಡೆಯಲ್ಲಿ, ಅಂದರೆ ನಡುಮನೆಯಲ್ಲಿ, ಪೂಜೆಗೆ ಇಡುವುದು ಅದನ್ನು. ತೆಂಗಿನಕಾಯಿಗೆ ಗುರಿ ಹಿಡಿಯುವುದು ಅದರಿಂದ. ಮನೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಈಡು ಹಾರಿಸಿ ಊರಿಗೆ ಸುದ್ದಿ ಮುಟ್ಟಿಸುತ್ತಿದ್ದುದೂ ಅದರಿಂದಲೇ. ರಿವಾಲ್ವರ್‌ಗೆ ಇಂಥ ಯಾವ ವಿಧಿಯೂ ಇಲ್ಲ, ಹಾಡಿನಲ್ಲಿ ಜಾಗವೂ ಇಲ್ಲ. ಅದು ಬೀರುವಿನೊಳಗೆ, ಬೀಗದ ಹಿಂದೆ, ಮನೆಯ ಮಕ್ಕಳಿಗೂ ಸರಿಯಾಗಿ ಕಾಣದಂತೆ ಇರುವ ವಸ್ತು. ಹೀಗಿದ್ದರೂ ಹಳೆಯ ಡಬಲ್ ಆ್ಯಕ್ಷನ್ ರಿವಾಲ್ವರ್, ಅಂದರೆ ಹೊಡೆಯುವ ಸುತ್ತಿಗೆಯಾದ ಹ್ಯಾಮರನ್ನು ಎತ್ತುವುದನ್ನೂ ಬೀಳಿಸುವುದನ್ನೂ ಟ್ರಿಗರ್ ಎಳೆತವೊಂದೇ ಮಾಡುವಂಥದು, ಇಟ್ಟುಕೊಂಡಿರುವ ಇಬ್ಬರು ಯಾವುದಾದರೂ ಮದುವೆಮನೆಯಲ್ಲಿ ಎದುರಾದರೆ, ಕಾಫಿಯ ದರ ಮತ್ತು ಮಳೆಯ ಮಾತು ಮುಗಿದ ಕೂಡಲೇ ಅವರ ಮಾತು ಟ್ರಿಗರ್‌ನ ಕಡೆಗೆ ಹೊರಳುತ್ತದೆ. ಈ ಅಕ್ಕರೆಗೆ ವಸ್ತುವಿನ ವಯಸ್ಸು ಅಥವಾ ಹಿರಿಯರ ನೆನಪು ಕಾರಣವೆಂದು ಹೊರಗಿನವರು ಭಾವಿಸುತ್ತಾರೆ. ನನ್ನ ಮಟ್ಟಿಗೆ ಅದರ ಮುಖ್ಯ ಕಾರಣ ಆ ಉದ್ದನೆಯ ಟ್ರಿಗರ್ ಎಳೆತವೇ ಆಗಿದೆ.

ನನ್ನ ಬಳಿ ಇರುವುದು ಚಿಕ್ಕಪ್ಪನಿಂದ ಬಂದ .32 ಬೋರಿನ (ಬೋರ್ ಎಂದರೆ ನಳಿಗೆಯ ಒಳ ಅಳತೆ) ರಿವಾಲ್ವರ್, ಅಮೆರಿಕದ ಕೋಲ್ಟ್ ಕಂಪನಿಯ ಪೊಲೀಸ್ ಪಾಸಿಟಿವ್. ಕೊಡಗಿನಲ್ಲಿ ಇಂಥದೊಂದು ಮನೆಯಲ್ಲಿ ಉಳಿದಿರುವುದಕ್ಕೆ ಕಾನೂನಿನ ಹಿನ್ನೆಲೆಯೂ ಇದೆ. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಆಯುಧ ಕಾನೂನಿನಿಂದ ನೀಡಿದ ವಿನಾಯಿತಿ ರೂಪ ಬದಲಿಸುತ್ತಾ ಮುಂದುವರಿದು, ಈಗ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ 2029ರ ಅಕ್ಟೋಬರ್ 31ರವರೆಗೆ ಅನ್ವಯಿಸುತ್ತದೆ. ಅದನ್ನು ಪ್ರಶ್ನಿಸಿದ ಅರ್ಜಿಯಲ್ಲಿ ಕರ್ನಾಟಕ ಹೈಕೋರ್ಟ್ 2021ರಲ್ಲಿ ವಿನಾಯಿತಿಯನ್ನು ಎತ್ತಿಹಿಡಿಯಿತು. ವಿನಾಯಿತಿ ನೀಡುವ ಸರ್ಕಾರಿ ಅಧಿಸೂಚನೆಯಲ್ಲಿ ಜೋಡುನಳಿಗೆ ಕೋವಿಯ ಜೊತೆಗೆ ಪಿಸ್ತೂಲು ಮತ್ತು ರಿವಾಲ್ವರ್‌ಗಳ ಹೆಸರೂ ಇದೆ. ಇನ್ನು .32 ಏಕೆ ಎಂಬ ಪ್ರಶ್ನೆಗೆ ಉತ್ತರ ಸರಳವಾಗಿದೆ. ಸೇನೆಯ .380 ಮತ್ತು .455 ತೋಟಾಗಳನ್ನು ಹಾಕಬಹುದಾದ ರಿವಾಲ್ವರ್‌ಗಳು ನಮ್ಮ ದೇಶದಲ್ಲಿ ನಿಷೇಧಿತ ಬೋರಿನ ಪಟ್ಟಿಗೆ ಸೇರುವುದರಿಂದ, ಖಾಸಗಿಯವರ ಕೈಯಲ್ಲಿ ಹೆಚ್ಚಾಗಿ ಕಾಣುವುದು .32 ಮಾತ್ರ. 1980ರ ದಶಕದ ನಡುವಿನಿಂದ ವಿದೇಶಿ ಆಯುಧಗಳ ಖಾಸಗಿ ಆಮದು ಬಹುಮಟ್ಟಿಗೆ ನಿಂತಿರುವುದರಿಂದ ಆಗ ಇದ್ದವುಗಳೇ ಕೈಯಿಂದ ಕೈಗೆ ದಾಟುತ್ತಿವೆ, ಅವುಗಳ ಬೆಲೆಯೂ ವಸ್ತುವಿನ ಯೋಗ್ಯತೆಯನ್ನು ಎಷ್ಟೋ ಮೀರಿ ಏರಿದೆ. ಬೆಲೆಯ ಮಾತು ನನಗೆ ಬೇಸರ ತರಿಸುತ್ತದೆಯಾದ್ದರಿಂದ ಅದನ್ನು ಇಲ್ಲಿಗೇ ಬಿಡುತ್ತೇನೆ.

ಈ ಕೋಲ್ಟ್ ಚಿಕ್ಕ ಆಯುಧ. ನಾಲ್ಕು ಇಂಚಿನ ನಳಿಗೆ, ಆರು ತೋಟಾಗಳ ಸಿಲಿಂಡರ್, ಎಡಗಡೆ ಹಿಂಗಾಲ ಮೇಲೆ ನಿಂತ ಕುದುರೆಯ ಮುದ್ರೆ. ಸಿಲಿಂಡರ್ ಹೊರಚಾಚಬೇಕಾದರೆ ಹೆಬ್ಬೆರಳಿನ ಗುಂಡಿಯನ್ನು ಹಿಂದಕ್ಕೆ ಎಳೆಯಬೇಕು. ಸ್ಮಿತ್ ಆ್ಯಂಡ್ ವೆಸನ್‌ನಲ್ಲಿ ಅದನ್ನು ಮುಂದಕ್ಕೆ ತಳ್ಳಬೇಕು. ಸಿಲಿಂಡರ್ ತಿರುಗುವ ದಿಕ್ಕಿನಲ್ಲೂ ಎರಡು ಕಂಪನಿಗಳು ಒಂದನ್ನೊಂದು ಒಪ್ಪಲಿಲ್ಲ: ಹಿಂದಿನಿಂದ ನೋಡಿದರೆ ಕೋಲ್ಟ್ ಗಡಿಯಾರದ ಮುಳ್ಳಿನಂತೆ ಬಲಕ್ಕೆ ತಿರುಗುತ್ತದೆ, ಸ್ಮಿತ್ ಎಡಕ್ಕೆ.

ಟ್ರಿಗರ್‌ನ ವಿಷಯವನ್ನು ತುಸು ನಿಧಾನವಾಗಿ ಹೇಳಬೇಕು. ಖಾಲಿ ಇದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ಆರೂ ಕೋಣೆಗಳಲ್ಲಿ ಅಭ್ಯಾಸದ ಹುಸಿ ತೋಟಾಗಳನ್ನು ಹಾಕಿ, ಟ್ರಿಗರನ್ನು ಅವಸರವಿಲ್ಲದೆ ಎಳೆದರೆ ಒಳಗಿನ ಕೆಲಸವೆಲ್ಲ ಒಂದೊಂದಾಗಿ ಬೆರಳಿಗೆ ತಿಳಿಯುತ್ತದೆ. ಮೊದಲು ಸಿಲಿಂಡರನ್ನು ಹಿಡಿದಿದ್ದ ಬೋಲ್ಟ್ ತನ್ನ ಕಚ್ಚಿನಿಂದ ಕೆಳಗಿಳಿಯುತ್ತದೆ. ಒಡನೆಯೇ ಹ್ಯಾಂಡ್ ಎಂದು ಕರೆಯುವ ಸಣ್ಣ ಉಕ್ಕಿನ ತುಂಡು ಮೇಲೆದ್ದು ಸಿಲಿಂಡರಿನ ಹಿಂಬದಿಯ ಹಲ್ಲನ್ನು ತಳ್ಳುತ್ತದೆ. ಕೋಲ್ಟಿನ ಹ್ಯಾಂಡಿಗೆ ಎರಡು ಮೆಟ್ಟಿಲುಗಳಿದ್ದು, ಮೇಲಿನದು ತಿರುಗುವಿಕೆಯನ್ನು ಆರಂಭಿಸಿದರೆ ಕೆಳಗಿನದು ಅದನ್ನು ಮುಗಿಸುತ್ತದೆ. ಸಿಲಿಂಡರ್ ಅರವತ್ತು ಡಿಗ್ರಿ ತಿರುಗಿ ಮುಂದಿನ ಕೋಣೆ ನಳಿಗೆಯ ನೇರಕ್ಕೆ ಬಂದಾಗ ಬೋಲ್ಟ್ ಟಕ್ ಎಂದು ಹೊಸ ಕಚ್ಚಿಗೆ ಬೀಳುತ್ತದೆ. ಇಷ್ಟು ಹೊತ್ತೂ ಹಿಂದಕ್ಕೆ ಬಾಗುತ್ತಲೇ ಇದ್ದ ಹ್ಯಾಮರ್ ಕೊನೆಯಲ್ಲಿ ಕೈತಪ್ಪಿದಂತೆ ಬಿಟ್ಟು ಮುಂದಕ್ಕೆ ಹೊಡೆಯುತ್ತದೆ. ಒಂದೇ ಬೆರಳಿನ ಒಂದೇ ಎಳೆತದಲ್ಲಿ ಇಷ್ಟೂ ನಡೆಯುತ್ತದೆ ಮತ್ತು ಯಾವ ಘಟ್ಟದಲ್ಲಿ ಏನಾಯಿತೆಂದು ಹೇಳಲು ಸಾಧ್ಯವಾಗುತ್ತದೆ. ಹ್ಯಾಮರನ್ನು ಎತ್ತಿ ಬೀಳಿಸುವುದೆರಡನ್ನೂ ಟ್ರಿಗರಿನಿಂದಲೇ ಮಾಡಿಸುವ ಈ ಉಪಾಯ 1851ರ ಆ್ಯಡಮ್ಸ್ ರಿವಾಲ್ವರಿನಷ್ಟು ಹಳೆಯದು. ಬೇಕಾದರೆ ಹೆಬ್ಬೆರಳಿನಿಂದ ಹ್ಯಾಮರ್ ಎತ್ತುವ, ಬೇಡವಾದರೆ ಟ್ರಿಗರನ್ನಷ್ಟೇ ಎಳೆಯುವ ಎರಡೂ ಅನುಕೂಲವನ್ನು 1856ರಲ್ಲಿ ಅದಕ್ಕೆ ಸೇರಿಸಿದವನು ಬ್ಯೂಮಾಂಟ್ ಎಂಬ ಬ್ರಿಟಿಷ್ ಸೇನಾಧಿಕಾರಿ.

ಕೋಲ್ಟಿನ ಎಳೆತಕ್ಕೆ ಒಂದು ಸ್ವಭಾವವಿದೆ. ಅದರೊಳಗಿರುವ ಇಂಗ್ಲಿಷಿನ ವಿ ಆಕಾರದ ಒಂದೇ ಪಟ್ಟಿ ಸ್ಪ್ರಿಂಗ್ ಹ್ಯಾಮರನ್ನೂ ಓಡಿಸುತ್ತದೆ, ಟ್ರಿಗರನ್ನು ಮುಂದಕ್ಕೆ ಮರಳಿಸುವ ಸನ್ನೆಯನ್ನೂ ಒತ್ತುತ್ತದೆ. ಆ ಕಾರಣದಿಂದ ಎಳೆತ ಹಗುರವಾಗಿ ಆರಂಭವಾಗಿ, ಕೊನೆಗೆ ಬಂದಂತೆ ಭಾರವಾಗುತ್ತಾ ಹೋಗುತ್ತದೆ. ನೆರೆಯ ತೋಟದವರ ಸ್ಮಿತ್‌ನಲ್ಲಿ ಭಾರ ಮೊದಲಿನಿಂದ ಕೊನೆಯವರೆಗೆ ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತದೆ ಮತ್ತು ವೇಗವಾಗಿ ಹೊಡೆಯುವವರಿಗೆ ಅದೇ ಮೇಲು ಎಂದು ನಾನೂ ಒಪ್ಪುತ್ತೇನೆ. ಆದರೆ ಕೋಲ್ಟ್ ಕೊನೆಯ ಘಟ್ಟದಲ್ಲಿ ಭಾರವಾಗುವುದರಿಂದ ಹ್ಯಾಮರ್ ಬೀಳುವ ಕ್ಷಣ ಮುಂಚಿತವಾಗಿಯೇ ಗೊತ್ತಾಗುತ್ತದೆ. ಅಲ್ಲಿ ಬೆರಳನ್ನು ತಡೆಯದೆ, ಅವಸರವನ್ನೂ ಪಡದೆ ದಾಟಿಸುವುದನ್ನು ಕಲಿತವನಿಗೆ ಗುರಿಕಡ್ಡಿ ಅಲುಗುವುದಿಲ್ಲ. ಇದನ್ನು ನಾನು ಕಲಿತದ್ದು ಬಿಳಿ ಗೋಡೆಯ ಮುಂದೆ, ಹುಸಿ ತೋಟಾಗಳೊಂದಿಗೆ, ನಳಿಗೆಯ ತುದಿಯ ಗುರಿಕಡ್ಡಿಯನ್ನು ಮಾತ್ರ ನೋಡುತ್ತಾ. ಗುರಿಫಲಕವಿಲ್ಲದ ಬಿಳಿ ಗೋಡೆಯ ಮುಂದೆ ಗುರಿಕಡ್ಡಿ ಎಷ್ಟು ಅಲುಗಿತು, ಯಾವ ಕಡೆಗೆ ಅಲುಗಿತು ಎಂಬುದನ್ನು ಮರೆಮಾಚಲು ಏನೂ ಇರುವುದಿಲ್ಲ. ಬೆರಳಿನ ತುದಿಯ ಮೆತ್ತೆಯಿಂದ ಎಳೆಯುವುದಕ್ಕಿಂತ ಮೊದಲ ಗೆಣ್ಣಿನ ಮಡಿಕೆಯನ್ನು ಟ್ರಿಗರ್ ಮೇಲಿಟ್ಟರೆ ಈ ಭಾರ ಸುಲಭವಾಗಿ ಸಾಗುತ್ತದೆ. ಹ್ಯಾಮರ್ ಎತ್ತಿಕೊಂಡು ಹಗುರ ಟ್ರಿಗರಿನಿಂದ ಹೊಡೆಯುವವರು ಡಬಲ್ ಆ್ಯಕ್ಷನ್ ರಿವಾಲ್ವರನ್ನು ಅರ್ಧ ಮಾತ್ರ ಬಳಸುತ್ತಿದ್ದಾರೆಂದು ನಾನು ನೇರವಾಗಿಯೇ ಹೇಳುತ್ತೇನೆ, ಕೆಲವರಿಗೆ ಅದು ರುಚಿಸುವುದಿಲ್ಲ.

ಹಳೆಯ ಕೋಲ್ಟಿನ ದೌರ್ಬಲ್ಯ ಇರುವುದೂ ಇದೇ ಜಾಗದಲ್ಲಿ. ಟ್ರಿಗರನ್ನು ಪೂರ್ತಿ ಎಳೆದು ಹಿಡಿದಾಗ ಹ್ಯಾಂಡ್ ಸಿಲಿಂಡರನ್ನು ಬೋಲ್ಟಿಗೆ ಒತ್ತಿ ಹಿಡಿಯುವುದರಿಂದ ಅದು ಬೆಸುಗೆ ಹಾಕಿದಂತೆ ನಿಲ್ಲುತ್ತದೆ. ಕೋಲ್ಟ್ ಪ್ರಿಯರು ಹೆಮ್ಮೆಪಡುವ ಈ ಬಿಗಿಯೇ ವರ್ಷಗಳಲ್ಲಿ ಹ್ಯಾಂಡಿನ ತುದಿಯನ್ನು ಸವೆಸುತ್ತದೆ. ಮಳೆಗಾಲಕ್ಕೆ ಮೊದಲೊಮ್ಮೆ, ಮಳೆ ಬಿಟ್ಟ ಮೇಲೊಮ್ಮೆ ನಾನು ಇದನ್ನು ಪರೀಕ್ಷಿಸುತ್ತೇನೆ. ಖಾಲಿ ರಿವಾಲ್ವರಿನ ಹ್ಯಾಮರನ್ನು ಹೆಬ್ಬೆರಳಿನಿಂದ ಆದಷ್ಟು ನಿಧಾನವಾಗಿ ಎತ್ತುತ್ತಾ, ಇನ್ನೊಂದು ಕೈಯ ಬೆರಳನ್ನು ಸಿಲಿಂಡರಿಗೆ ಹಗುರವಾಗಿ ತಾಗಿಸಿ ತುಸು ತಡೆ ಕೊಡುತ್ತೇನೆ. ಹ್ಯಾಮರ್ ಮೇಲೆ ನಿಲ್ಲುವುದರೊಳಗೆ ಬೋಲ್ಟ್ ಕಚ್ಚಿಗೆ ಬಿದ್ದ ಸದ್ದು ಕೇಳಬೇಕು. ಸದ್ದಿಲ್ಲದಿದ್ದರೆ ಕೋಣೆ ನಳಿಗೆಯ ನೇರಕ್ಕೆ ಪೂರ್ತಿ ಬಂದಿಲ್ಲವೆಂದೇ ಅರ್ಥ, ಅಂಥ ರಿವಾಲ್ವರನ್ನು ಹೊಡೆಯಬಾರದು. ಗುಂಡಿನ ಅಂಚು ನಳಿಗೆಯ ಬಾಯಿಗೆ ತಗುಲಿ ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ. ಆರು ಕೋಣೆಗಳನ್ನೂ ಬೇರೆಬೇರೆಯಾಗಿ ನೋಡಬೇಕು, ಏಕೆಂದರೆ ಸವೆತ ಎಲ್ಲ ಹಲ್ಲುಗಳಲ್ಲೂ ಒಂದೇ ರೀತಿ ಇರುವುದಿಲ್ಲ.

ನನ್ನದರಲ್ಲಿ ಎರಡು ಕೋಣೆಗಳು ತಡವಾಗಿ ಕೂರುತ್ತಿದ್ದವು. ಬಿಡಿಭಾಗ ಸಿಗುವ ಆಸೆ ಇರಲಿಲ್ಲ. ಪರವಾನಗಿ ಇರುವ ಹಿರಿಯ ಕೋವಿ ಮೇಸ್ತ್ರಿಯೊಬ್ಬರು ಅದನ್ನು ಬಿಚ್ಚಿದ್ದನ್ನು ಪಕ್ಕದಲ್ಲಿ ನಿಂತು ನೋಡಿದೆ. ತಿರುಪಿನ ತಲೆಯ ಸೀಳಿಗೆ ಸಡಿಲವಿಲ್ಲದೆ ಕೂರುವಂತೆ ಸ್ಕ್ರೂಡ್ರೈವರಿನ ತುದಿಯನ್ನು ಅವರು ಮೊದಲು ಅರದಿಂದ ತೀಡಿಕೊಂಡರು. ತಿರುಪು ತೆಗೆದ ಮೇಲೆ ಪಕ್ಕದ ತಟ್ಟೆಯನ್ನು ಮೀಟಲಿಲ್ಲ. ಹಿಡಿಯ ಚೌಕಟ್ಟಿಗೆ ಸುತ್ತಿಗೆಯ ಮರದ ಕಾವಿನಿಂದ ಮೆಲ್ಲಗೆ ತಟ್ಟುತ್ತಾ ಹೋದರು, ತಟ್ಟೆ ತಾನಾಗಿಯೇ ಮೇಲೆದ್ದಿತು. ಬಳಿಕ ಹ್ಯಾಂಡನ್ನು ಹೊರತೆಗೆದು, ಅದರ ಮೈಯನ್ನು ಸಣ್ಣ ಸುತ್ತಿಗೆಯಿಂದ ಬಡಿದು ಕೂದಲೆಳೆಯಷ್ಟು ಉದ್ದವಾಗಿಸಿ, ಕಲ್ಲಿನ ಮೇಲೆ ಉಜ್ಜಿ, ಜೋಡಿಸಿ, ನೋಡಿ, ಮತ್ತೆ ತೆಗೆದು ಉಜ್ಜಿದರು. ಇದನ್ನು ಎಷ್ಟು ಸಲ ಬೇಕಾದರೂ ಮಾಡಲಾಗುವುದಿಲ್ಲ, ಬಡಿಯಲು ಉಕ್ಕು ಉಳಿದಿರಬೇಕಲ್ಲ. ಹೊಡೆಯುವುದರಲ್ಲಿ ನಾನು ಜಿಪುಣನಾಗಿರುವುದು ತೋಟಾದ ಬೆಲೆಗಿಂತ ಈ ಕಾರಣಕ್ಕಾಗಿಯೇ. ತೆರೆದ ಸಿಲಿಂಡರನ್ನು ಮಣಿಕಟ್ಟು ಕೊಡವಿ ಫಟ್ಟೆಂದು ಮುಚ್ಚುವ ಸಿನಿಮಾದ ಚಾಳಿಯನ್ನು ಯಾರಾದರೂ ನನ್ನ ಎದುರಿಗೆ ಮಾಡಿದರೆ ಅವರ ಕೈಯಿಂದ ಅದನ್ನು ಆಗಲೇ ತೆಗೆದುಕೊಳ್ಳುತ್ತೇನೆ; ಸಿಲಿಂಡರನ್ನು ಹೊತ್ತ ತೋಳು ಬಾಗಿದರೆ ಅದನ್ನು ಸರಿಮಾಡುವವರು ಇನ್ನೂ ಅಪರೂಪ.

ಈ ಎಲ್ಲಕ್ಕಿಂತ ದೊಡ್ಡ ಶತ್ರು ನಮ್ಮ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ಮನೆಗಳಲ್ಲಿ ಚಪ್ಪಲಿ, ಬೆಲ್ಟು, ಪುಸ್ತಕದ ರಟ್ಟು ಎಲ್ಲವೂ ಬೂಷ್ಟು ಹಿಡಿಯುವಾಗ ನೂರು ವರ್ಷದ ಹತ್ತಿರದ ಉಕ್ಕು ಸುಮ್ಮನಿರುವುದಿಲ್ಲ. ಚರ್ಮದ ಚೀಲದಲ್ಲಿ ರಿವಾಲ್ವರನ್ನು ಇಡುವುದು ನೋಡಲು ಚೆಂದವೇ ಹೊರತು, ಚರ್ಮ ತೇವವನ್ನು ಹೀರಿ ಹಿಡಿದುಕೊಳ್ಳುತ್ತದೆ ಮತ್ತು ಅದನ್ನು ಹದ ಮಾಡಿದ ರಾಸಾಯನಿಕಗಳು ಉಕ್ಕನ್ನು ತಿನ್ನುತ್ತವೆ. ಕೊಡಗಿನ ಹಳೆಯ ರಿವಾಲ್ವರ್‌ಗಳ ನಳಿಗೆಯ ಒಂದೇ ಮಗ್ಗುಲಲ್ಲಿ ಕಾಣುವ ಕಂದು ಚುಕ್ಕೆಗಳಲ್ಲಿ ಹೆಚ್ಚಿನವು ಚೀಲ ಒತ್ತಿದ ಗುರುತುಗಳೇ. ನಾನು ಚೀಲವನ್ನು ಬೇರೆಯಾಗಿಟ್ಟು, ರಿವಾಲ್ವರನ್ನು ತೆಳುವಾಗಿ ಎಣ್ಣೆ ಒರೆಸಿದ ಹತ್ತಿಬಟ್ಟೆಯಲ್ಲಿ ಸುತ್ತಿ, ಬೀಗವಿರುವ ಉಕ್ಕಿನ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್‌ನೊಂದಿಗೆ ಇಡುತ್ತೇನೆ. ಹರಳುಗಳ ಬಣ್ಣ ಬದಲಾದರೆ ಅವನ್ನು ಬಿಸಿಮಾಡಿ ಒಣಗಿಸಿ ಮತ್ತೆ ಬಳಸುತ್ತೇನೆ. ತೋಟಾಗಳು ಬೇರೆ ಬೀಗದಲ್ಲಿರುತ್ತವೆ. ಎಣ್ಣೆಯ ವಿಷಯದಲ್ಲಿ ಉದಾರವಾಗುವುದೂ ಒಳ್ಳೆಯದಲ್ಲ. ಒಳಗೆ ಸುರಿದ ಎಣ್ಣೆ ಕಾಲಕ್ರಮದಲ್ಲಿ ಅಂಟಾಗಿ ಹ್ಯಾಮರಿನ ಹೊಡೆತವನ್ನು ಕುಂದಿಸುತ್ತದೆ, ಹೊರಗಿನ ಎಣ್ಣೆ ಕೋಣೆಯೊಳಗೆ ಇಳಿದು ತೋಟಾದ ತಳವನ್ನು ಕೆಡಿಸುತ್ತದೆ. ಬೆರಳು ಮುಟ್ಟಿದ ಜಾಗವನ್ನೆಲ್ಲ ಒರೆಸಿಯೇ ಇಡಬೇಕು, ಬೆವರಿನ ಉಪ್ಪಿಗೆ ಒಂದು ರಾತ್ರಿ ಸಾಕು.

ಕೈಲ್‌ಪೊಳ್ದ್ ಬರುವುದು ಸೆಪ್ಟೆಂಬರ್ 3ರಂದು, ಮಳೆ ಇನ್ನೂ ಪೂರ್ತಿ ಬಿಟ್ಟಿರದ ಹೊತ್ತಿನಲ್ಲಿ. ನಮ್ಮ ಮನೆಯಲ್ಲಿ ರಿವಾಲ್ವರೂ ಒಡಿಕತ್ತಿ, ಪೀಚೆಕತ್ತಿ, ಕೋವಿಗಳ ಸಾಲಿನ ಕೊನೆಗೆ ಕೂರುತ್ತದೆ. ಗಂಧದ ಬೊಟ್ಟು ಮತ್ತು ತೋಕ್ ಪೂ ಎಂಬ ಹೂ ಎರಡರಲ್ಲೂ ನೀರಿನಂಶವಿರುವುದರಿಂದ, ಬೊಟ್ಟನ್ನು ಹಿಡಿಯ ಮರದ ಮೇಲೆ ಮಾತ್ರ ಇಡುತ್ತೇನೆ, ಹೂವನ್ನು ಅದರ ಕೆಳಗಿನ ಬಟ್ಟೆಯ ಮೇಲಿಡುತ್ತೇನೆ. ಕೋವಿಯ ನಳಿಗೆಗೆ ಹೂ ಸಿಕ್ಕಿಸುವ ಹಿರಿಯರಿಗೆ ಇದು ಅತಿಯೆನಿಸಿದರೂ ಈವರೆಗೆ ಯಾರೂ ಆಕ್ಷೇಪಿಸಿಲ್ಲ. ಚುನಾವಣೆಯ ವೇಳೆ ಆಯುಧವನ್ನು ಪೊಲೀಸರ ಬಳಿ ಠೇವಣಿ ಇಡಬೇಕಾಗಿ ಬಂದಾಗ ಮಾತ್ರ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಒಮ್ಮೆ ಮರಳಿ ಬಂದಾಗ ಹಿಡಿಯ ತಿರುಪಿನ ಸುತ್ತ ತುಕ್ಕಿನ ಉಂಗುರ ಮೂಡಿತ್ತು. ಆ ಬಳಿಕ ಠೇವಣಿಗೆ ಕೊಡುವ ಮುನ್ನ ಗ್ರೀಸನ್ನೇ ಬಳಿದು, ಮೇಣದ ಕಾಗದದಲ್ಲಿ ಸುತ್ತಿ, ಸಂಖ್ಯೆ ಕಾಣುವಂತೆ ಚೀಟಿ ಕಟ್ಟಿ ಕೊಡುತ್ತೇನೆ.

ನೀಲಿ ಬಣ್ಣ ಹೋದ ಕಡೆಗಳಲ್ಲಿ ಹೊಸದಾಗಿ ಬ್ಲೂಯಿಂಗ್ ಮಾಡಿಸಿರೆಂದು ಹಲವರು ಹೇಳಿದ್ದಾರೆ. ನಾನು ಮಾಡಿಸಿಲ್ಲ, ಮಾಡಿಸುವುದೂ ಇಲ್ಲ. ಬಣ್ಣಕ್ಕೆ ಮೊದಲು ಉಕ್ಕನ್ನು ಉಜ್ಜಬೇಕಾಗುತ್ತದೆ, ಹಾಗೆ ಉಜ್ಜಿದರೆ ಚೂಪಾದ ಅಂಚುಗಳು ದುಂಡಗಾಗುತ್ತವೆ, ಅಕ್ಷರಗಳು ಮಸುಕಾಗುತ್ತವೆ, ಕುದುರೆಯ ಕಾಲು ಅಳಿಸಿಹೋಗುತ್ತದೆ.

ತೋಟಾದ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಸ್ಮಿತ್ ಆ್ಯಂಡ್ ವೆಸನ್ 1896ರಲ್ಲಿ ತಂದ .32 ಲಾಂಗ್ ತೋಟಾವನ್ನೇ ಕೋಲ್ಟ್ ಕಂಪನಿಯವರು, ಪ್ರತಿಸ್ಪರ್ಧಿಯ ಹೆಸರನ್ನು ತಮ್ಮ ನಳಿಗೆಯ ಮೇಲೆ ಕೆತ್ತಲು ಮನಸ್ಸಾಗದೆ, ಗುಂಡಿನ ಮೂತಿಯನ್ನು ಚಪ್ಪಟೆಯಾಗಿಸಿ .32 ಪೊಲೀಸ್ ಎಂದು ಕರೆದರು. ಹಾಗಾಗಿ ಪುಣೆಯ ಖಡಕಿಯ ತೋಟಾ ಕಾರ್ಖಾನೆಯ .32 ಲಾಂಗ್ ತೋಟಾ ನನ್ನದಕ್ಕೆ ಸರಿಹೋಗುತ್ತದೆ. ಆದರೆ ಹಳೆಯ ಕೋಲ್ಟ್‌ಗಳಲ್ಲಿ ಕೆಲವು .32 ಲಾಂಗ್ ಕೋಲ್ಟ್ ಎಂಬ ಬೇರೆಯೇ ಅಳತೆಯ ತೋಟಾಕ್ಕಾಗಿ ಮಾಡಿದವು. ನಳಿಗೆಯ ಮೇಲಿನ ಬರಹವನ್ನು ಓದಿ, ಅನುಮಾನವಿದ್ದರೆ ಮೇಸ್ತ್ರಿಗೆ ತೋರಿಸಿಯೇ ಮುಂದುವರಿಯಬೇಕು. ಪಿಸ್ತೂಲಿನ 7.65 ಮಿ.ಮೀ. ತೋಟಾವನ್ನೂ ಜನ .32 ಎಂದೇ ಕರೆಯುತ್ತಾರೆ, ಅದು ಈ ಕೋಣೆಗಳಿಗೆ ಇಳಿಯುತ್ತದೆ ಕೂಡ, ಆದರೆ ಅದರ ಒತ್ತಡ ಹೆಚ್ಚು. ಹಳೆಯ ಉಕ್ಕಿಗೆ ಅದನ್ನು ಹಾಕಲೇಬಾರದು.

ಕಾನ್ಪುರದ ಕಾರ್ಖಾನೆಯಲ್ಲಿ ಇಂದು ತಯಾರಾಗುವ .32 ರಿವಾಲ್ವರನ್ನೂ ರೇಂಜಿನಲ್ಲಿ ಹೊಡೆದು ನೋಡಿದ್ದೇನೆ. ಹಳೆಯ ಬ್ರಿಟಿಷ್ ವೆಬ್ಲಿ ರಿವಾಲ್ವರಿನಂತೆ ನಡುವೆ ಮಡಚಿ ತೆರೆದುಕೊಳ್ಳುವ ಅದು, ತೆರೆದೊಡನೆ ಖಾಲಿ ಕವಚಗಳನ್ನೆಲ್ಲ ಮೇಲೆತ್ತಿ ಕೊಡುತ್ತದೆ, ಗಟ್ಟಿಮುಟ್ಟಾಗಿದೆ, ರಿಪೇರಿಗೂ ತೊಂದರೆಯಿಲ್ಲ. ರಾತ್ರಿ ತೋಟದ ಮನೆಯಲ್ಲಿ ಒಂಟಿಯಾಗಿರುವವರು ಕೇಳಿದರೆ ನಾನು ಸೂಚಿಸುವುದು ಅದನ್ನೇ. ಕೋಲ್ಟನ್ನು ಅವಲಂಬಿಸಿ ಎಂದು ಹೇಳುವಷ್ಟು ಅಂಧಾಭಿಮಾನ ನನಗಿಲ್ಲ. ಆದರೆ ಕಾನ್ಪುರದ ಟ್ರಿಗರಿನಲ್ಲಿ ಬೆರಳಿಗೆ ತಿಳಿಯುವುದು ಭಾರ ಮಾತ್ರ. ಬೋಲ್ಟ್ ಇಳಿದದ್ದು, ಹ್ಯಾಂಡ್ ಮೆಟ್ಟಿಲು ಬದಲಿಸಿದ್ದು ಯಾವುದೂ ಪ್ರತ್ಯೇಕವಾಗಿ ತಿಳಿಯುವುದಿಲ್ಲ.

ನನ್ನ ನಂತರ ಇದು ತಂಗಿಯ ಮಗಳಿಗೆ ಹೋಗಲಿದೆ. ಅವಳ ಬೆರಳುಗಳು ನನ್ನವಕ್ಕಿಂತ ಗಿಡ್ಡವಾಗಿದ್ದರೂ ಕೋಲ್ಟಿನ ಈ ಚಿಕ್ಕ ಹಿಡಿಯಿಂದಾಗಿ ಗೆಣ್ಣಿನ ಮಡಿಕೆ ಟ್ರಿಗರಿಗೆ ಸರಿಯಾಗಿ ತಲುಪುತ್ತದೆ. ಅವಳಿಗೆ ಹುಸಿ ತೋಟಾಗಳ ಅಭ್ಯಾಸ ಮಾಡಿಸುತ್ತಿದ್ದೇನೆ. ಯಾವ ಕೋಣೆ ತಡವಾಗಿ ಕೂರುತ್ತಿತ್ತು, ಹ್ಯಾಂಡನ್ನು ಯಾವಾಗ ಬಡಿಸಿದ್ದು, ಯಾವ ತೋಟಾ ಎಷ್ಟು ಹೊಡೆದದ್ದು ಎಂಬುದನ್ನೆಲ್ಲ ಬರೆದಿಟ್ಟ ಪುಸ್ತಕವನ್ನು ವಿನಾಯಿತಿಯ ಕಾಗದಗಳ ಜೊತೆಗೇ ಇರಿಸಿದ್ದೇನೆ. ಮುಂದೆ ಅದನ್ನು ಬಿಚ್ಚುವ ಮೇಸ್ತ್ರಿ ಯಾರೇ ಆಗಿರಲಿ, ಹ್ಯಾಂಡಿನಲ್ಲಿ ಇನ್ನೆಷ್ಟು ಉಕ್ಕು ಉಳಿದಿದೆ ಎಂಬುದು ಅವರಿಗೆ ಮೊದಲೇ ಗೊತ್ತಿರಬೇಕು.