ಒಂದೇ ಊಟ, ಬೇರೆ ಅಂಕಿ: ಹೆಣ್ಣು–ಗಂಡಿನ ಡಿಎಚ್‌ಎ ಅಳೆಯುವಾಗ ನಾನು ನೋಡುವುದು

ರಕ್ತದ ಸ್ಯಾಂಪಲ್‌ನಿಂದ ಕೊಬ್ಬನ್ನು ಬೇರ್ಪಡಿಸಿ, ಗ್ಯಾಸ್ ಕ್ರೊಮಟೋಗ್ರಫಿ ಯಂತ್ರಕ್ಕೆ ಕೊಟ್ಟು, ಯಾವ ಕೊಬ್ಬಿನಾಮ್ಲ ಎಷ್ಟಿದೆ ಎಂದು ವರದಿ ಬರೆಯುವುದು ನನ್ನ ಕೆಲಸ. ಹೆಚ್ಚು ಕಡಿಮೆ ಒಂದೇ ಥರ ಉಣ್ಣುವವರ ಸ್ಯಾಂಪಲ್‌ಗಳಲ್ಲೂ ಡಿಎಚ್‌ಎ ಎಂಬ ಒಮೆಗಾ-3 ಆಮ್ಲ ಗಂಡಸರಿಗಿಂತ ಹೆಂಗಸರಲ್ಲಿ ತುಸು ಮೇಲಿರುವುದು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಈ ವ್ಯತ್ಯಾಸ ನಿಜವಾದದ್ದೇ. ಆದರೆ ಅಳೆಯುವ ರೀತಿಯಿಂದಲೂ ಅದು ಹಿಗ್ಗಬಹುದು. ದೇಹದ್ದೆಷ್ಟು, ಅಳತೆಯದ್ದೆಷ್ಟು ಎಂದು ಬಿಡಿಸಿ ನೋಡದೆ ನಾನು ವರದಿಗೆ ಸಹಿ ಹಾಕುವುದಿಲ್ಲ.

ಫಲಿತಾಂಶವನ್ನು ಸಾಮಾನ್ಯವಾಗಿ ಶೇಕಡಾ ಲೆಕ್ಕದಲ್ಲಿ ಕೊಡುತ್ತೇವೆ, ತೊಡಕು ಶುರುವಾಗುವುದು ಅಲ್ಲೇ. ಇಬ್ಬರ ಪ್ಲಾಸ್ಮಾದಲ್ಲೂ (ರಕ್ತಕಣ ಬಿಟ್ಟು ಉಳಿದ ದ್ರವ) ಲೀಟರಿಗೆ 60 ಮಿಲಿಗ್ರಾಂ ಡಿಎಚ್‌ಎ ಇದೆ ಎಂದಿಟ್ಟುಕೊಳ್ಳಿ. ಒಬ್ಬರ ಒಟ್ಟು ಕೊಬ್ಬಿನಾಮ್ಲ 3000 ಮಿಲಿಗ್ರಾಂ, ಇನ್ನೊಬ್ಬರದು 4000. ಮೊದಲನೆಯವರಿಗೆ ಶೇ. 2, ಎರಡನೆಯವರಿಗೆ ಶೇ. 1.5 ಎಂದು ಬರುತ್ತದೆ. ಡಿಎಚ್‌ಎ ಒಂದು ಚೂರೂ ಕಡಿಮೆಯಿಲ್ಲ, ಕೊಬ್ಬಿನಾಮ್ಲಗಳಿಂದಲೇ ಆದ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಜಾಸ್ತಿಯಿದೆ ಅಷ್ಟೇ. ಋತುಬಂಧಕ್ಕೆ ಮುಂಚಿನ ಹೆಂಗಸರಿಗಿಂತ ಅದೇ ವಯಸ್ಸಿನ ಗಂಡಸರಲ್ಲಿ ಟ್ರೈಗ್ಲಿಸರೈಡ್ ಸಾಮಾನ್ಯವಾಗಿ ಹೆಚ್ಚಿರುವುದರಿಂದ ಈ ಲೆಕ್ಕ ಒಂದೇ ಕಡೆಗೆ ವಾಲುತ್ತದೆ. ಹಾಗಾಗಿ ಕೊಬ್ಬನ್ನು ಬೇರ್ಪಡಿಸುವ ಮುಂಚೆಯೇ, ರಕ್ತದಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ ಇರುವ ಒಂದು ಆಮ್ಲವನ್ನು ತೂಕ ಮಾಡಿ ಬೆರೆಸುತ್ತೇನೆ. ಯಂತ್ರದ ಗ್ರಾಫ್‌ನಲ್ಲಿ ಅದು ಎಬ್ಬಿಸುವ ಶಿಖರಕ್ಕೆ (ಪೀಕ್) ಹೋಲಿಸಿದರೆ ಉಳಿದವುಗಳ ಮಿಲಿಗ್ರಾಂ ಸಿಗುತ್ತದೆ. ಶೇಕಡಾ ಮತ್ತು ಮಿಲಿಗ್ರಾಂ ಎರಡೂ ವರದಿಯಲ್ಲಿ ಇರಲೇಬೇಕು.

ಸಾಧ್ಯವಾದಾಗಲೆಲ್ಲ ಒಟ್ಟು ಪ್ಲಾಸ್ಮಾ ಬಿಟ್ಟು, ಅದರಲ್ಲಿರುವ ಫಾಸ್ಫೋಲಿಪಿಡ್ ಎಂಬ ಇನ್ನೊಂದು ಬಗೆಯ ಕೊಬ್ಬಿನ ಭಾಗವನ್ನಷ್ಟೇ ಅಳೆಯುತ್ತೇನೆ. ಸಿಲಿಕಾ ಬಳಿದ ಗಾಜಿನ ತಟ್ಟೆಯ ಕೆಳಗೆ ಸ್ಯಾಂಪಲ್‌ನ ಗೆರೆ ಎಳೆದು ದ್ರಾವಕದಲ್ಲಿ ನಿಲ್ಲಿಸಿದರೆ, ದ್ರಾವಕ ಮೇಲೇರುತ್ತ ಟ್ರೈಗ್ಲಿಸರೈಡನ್ನು ಜೊತೆಗೆ ಒಯ್ಯುತ್ತದೆ. ಕೊಲೆಸ್ಟರಾಲ್ ಎಸ್ಟರ್ ಅದಕ್ಕಿಂತಲೂ ಮೇಲೆ ಹೋಗುತ್ತದೆ. ಫಾಸ್ಫೋಲಿಪಿಡ್ ಮಾತ್ರ ಹೊರಟ ಗೆರೆ ಬಿಟ್ಟು ಕದಲುವುದಿಲ್ಲ. ಬಣ್ಣ ಸಿಂಪಡಿಸಿ ಅತಿನೇರಳೆ ಬೆಳಕಿನಲ್ಲಿ ಹಿಡಿದಾಗ ಹೊಳೆಯುವ ಆ ಕೆಳಪಟ್ಟಿಯನ್ನೇ ಕೆರೆದುಕೊಳ್ಳುವುದು. ನಿಧಾನದ ಕೆಲಸ, ಆದರೆ ಟ್ರೈಗ್ಲಿಸರೈಡ್‌ನ ತಲೆನೋವು ಇಲ್ಲಿಗೆ ಮುಗಿಯುತ್ತದೆ. ಮುಂದೆ ಯಂತ್ರದ ಆ ಗ್ರಾಫ್‌ನ (ಕ್ರೊಮಟೋಗ್ರಾಂ) ಕೊನೆಯಲ್ಲಿ ನರ್ವೋನಿಕ್ ಎಂಬ ಬೇರೊಂದು ಕೊಬ್ಬಿನಾಮ್ಲದ ಪೀಕ್ ಡಿಎಚ್‌ಎ ಪಕ್ಕದಲ್ಲೇ ಬರುತ್ತದೆ. ಸಾಫ್ಟ್‌ವೇರ್ ಎರಡರ ನಡುವೆ ಎಲ್ಲಿ ಗೆರೆ ಎಳೆದಿದೆ ಎಂದು ಪ್ರತಿ ಸಲವೂ ಕಣ್ಣಾರೆ ನೋಡುತ್ತೇನೆ.

ಇಷ್ಟೆಲ್ಲ ಮಾಡಿದ ಮೇಲೂ ವ್ಯತ್ಯಾಸ ಉಳಿಯುತ್ತದೆ. ಅದು ದೇಹದ್ದು. ಸಸ್ಯಮೂಲದ ಆಲ್ಫಾ ಲಿನೊಲೆನಿಕ್ ಆಮ್ಲವನ್ನು ನಮ್ಮ ಯಕೃತ್ತು ಹಂತಹಂತವಾಗಿ ಇಪಿಎ (ಇನ್ನೊಂದು ಒಮೆಗಾ-3 ಆಮ್ಲ), ಡಿಎಚ್‌ಎಗಳಾಗಿ ಬದಲಿಸುತ್ತದೆ. 2002ರಲ್ಲಿ ಪ್ರಕಟವಾದ ಜಾಡು ಹಿಡಿಯಲು ಗುರುತು ಹಚ್ಚಿದ ಈ ಆಮ್ಲವನ್ನು ಕೊಟ್ಟು ನೋಡಿದ ಪ್ರಯೋಗಗಳಲ್ಲಿ ಯುವತಿಯರು ಅದರಲ್ಲಿ ಸುಮಾರು ಶೇ. 9ನ್ನು ಡಿಎಚ್‌ಎ ಮಾಡಿದರು. ಯುವಕರಲ್ಲಿ ಹಾಗೆ ಬದಲಾದದ್ದು ಹೆಚ್ಚುಕಡಿಮೆ ಸೊನ್ನೆ. ಗಂಡಸರ ದೇಹ ಅದನ್ನು ಶಕ್ತಿಗಾಗಿ ಉರಿಸಿದ್ದೂ ಹೆಚ್ಚು. ಪಾಲ್ಗೊಂಡವರು ಬೆರಳೆಣಿಕೆಯಷ್ಟು ಜನ, ಆದ್ದರಿಂದ ಆ ಶೇಕಡಾವನ್ನು ಎಲ್ಲರಿಗೂ ಹಚ್ಚಲು ನಾನು ಒಪ್ಪುವುದಿಲ್ಲ. ಹಾರ್ಮೋನಿನ ಕೈವಾಡ ಇದೆ ಎನ್ನುವುದಕ್ಕೆ 2004ರ ಒಂದು ಅಧ್ಯಯನ ನನಗೆ ಇನ್ನೂ ಗಟ್ಟಿ ಆಧಾರ. ಆಹಾರವನ್ನು ನಿಯಂತ್ರಿಸಿದಾಗಲೂ ಹೆಂಗಸರಲ್ಲಿ ಡಿಎಚ್‌ಎ ಸುಮಾರು ಶೇ. 15 ಹೆಚ್ಚಿತ್ತು. ಹಾರ್ಮೋನು ಚಿಕಿತ್ಸೆ ಪಡೆದ ಟ್ರಾನ್ಸ್ ಮಹಿಳೆಯರಲ್ಲಿ ಬಾಯಿಯಿಂದ ತೆಗೆದುಕೊಂಡ ಈಸ್ಟ್ರೊಜೆನ್ ಅದನ್ನು ಏರಿಸಿತು, ಚರ್ಮದ ಮೂಲಕ ಕೊಟ್ಟದ್ದು ಏರಿಸಲಿಲ್ಲ. ಟ್ರಾನ್ಸ್ ಪುರುಷರಲ್ಲಿ ಟೆಸ್ಟೋಸ್ಟೆರಾನ್ ಇಳಿಸಿತು. ನುಂಗಿದ ಔಷಧಿ ಮೊದಲು ಯಕೃತ್ತಿಗೆ ಹೋಗುತ್ತದೆ ಎಂಬುದನ್ನು ನೆನೆದರೆ ಈ ಅಂತರದ ಜಾಡು ಸಿಗುತ್ತದೆ.

ಅದಕ್ಕೇ ಸ್ಯಾಂಪಲ್ ಜೊತೆ ಬರುವ ಚೀಟಿಯಲ್ಲಿ ‘ಹೆಣ್ಣು’ ಅಥವಾ ‘ಗಂಡು’ ಎಂದಿದ್ದರೆ ನನಗೆ ಸಾಲದು. ಗರ್ಭನಿರೋಧಕ ಮಾತ್ರೆ ಉಂಟೇ, ಬಸಿರೇ, ಮುಟ್ಟು ನಿಂತಿದೆಯೇ, ಹಾರ್ಮೋನನ್ನು ನುಂಗುತ್ತಾರೋ ಅಂಟಿಸಿಕೊಳ್ಳುತ್ತಾರೋ ಎಂದು ಕೇಳಿಸುತ್ತೇನೆ. ಮೀನೆಣ್ಣೆಯ ಮಾತ್ರೆ, ಕೊನೆಯ ಊಟದ ಹೊತ್ತು ಇವಂತೂ ಇದ್ದೇ ಇವೆ.

ಗಂಡಸೊಬ್ಬರ ಶೇಕಡಾ ಕಡಿಮೆ ಬಂದು ಮಿಲಿಗ್ರಾಂ ಸರಿಯಾಗಿದ್ದರೆ, ‘ಒಮೆಗಾ-3 ಕೊರತೆ’ ಎಂದು ನಾನು ಬರೆಯುವುದಿಲ್ಲ, ಟ್ರೈಗ್ಲಿಸರೈಡ್ ನೋಡಿ ಎಂದು ವೈದ್ಯರಿಗೆ ಸೂಚಿಸುತ್ತೇನೆ. ಎರಡೂ ಕಡಿಮೆಯಿದ್ದರೆ ಕೆಂಪು ರಕ್ತಕಣಗಳಲ್ಲಿ ಅಳೆಯಲು ಹೇಳುತ್ತೇನೆ. ಆ ಕಣಗಳ ಆಯಸ್ಸು ಸುಮಾರು 120 ದಿನ, ನಿನ್ನೆ ರಾತ್ರಿಯ ಊಟ ಅಲ್ಲಿ ಅಷ್ಟಾಗಿ ಕಾಣಿಸುವುದಿಲ್ಲ. ಆಹಾರ ಬದಲಿಸಿಕೊಂಡವರು ಮರುಪರೀಕ್ಷೆಗೆ ಬರಬೇಕಾದದ್ದೂ ಮೂರು–ನಾಲ್ಕು ತಿಂಗಳು ಬಿಟ್ಟೇ.