ವರ್ಜೀನಿಯಾದ ಹೊಗೆಸೊಪ್ಪಿನ ಮನೆತನಗಳನ್ನು ಹೆಣ್ಣುಮಕ್ಕಳ ಕಡೆಯಿಂದ ಹಿಡಿದದ್ದು: ನನ್ನ ಅನುಭವ

"ಹೆಂಗಸರ ಹೆಸರೇ ನೆಟ್ಟಗೆ ಸಿಗದ ರೆಕಾರ್ಡಲ್ಲಿ ಹೆಂಗಸರ ಲೈನ್ ಹಿಡಿತೇನೆ ಅಂತೀರಲ್ಲ" ಅಂತ ಒಬ್ರು ನಿವೃತ್ತ ಪ್ರೊಫೆಸರು ನಕ್ಕಿದ್ರು, ನನ್ನ ಭಾವನಂತೂ ಡೇಟಾಬೇಸ್ ಕೆಲಸದವನಿಗೆ ಕಾರ್ಟರ್, ಲೀ, ಬರ್ವೆಲ್, ಪೇಜ್ ಅಂತ ಅಮೆರಿಕದ ವರ್ಜೀನಿಯಾದ ಹಳೇ ಜಮೀನ್ದಾರರ ಉಸಾಬರಿ ಎಂತಕ್ಕೆ, ಶನಿವಾರ ಹುಲ್ಲಾದ್ರೂ ಕತ್ತರಿಸು ಅಂತ ಹೇಳ್ತಾನೇ ಇದ್ದ. ಆ ಮನೆಗಳು ತಲೆಮಾರು ದಾಟಿ ಉಳಿದವಾ ಅಂತ ನೋಡ್ಲಿಕ್ಕೆ ನಾನು ಮಾಡಿದ ಶೀಟ್ ಈಗ ಕೆಲಸ ಮಾಡ್ತಾ ಉಂಟು, ಪ್ರೊಫೆಸರೇ ಎರಡು ಸಲ ಕಾಪಿ ಕೇಳಿದ್ದಾರೆ, ಹಾಗಾಗಿ ಬರೀತಾ ಇದ್ದೇನೆ. ವಿಲ್ ಬುಕ್ (ಮರಣಪತ್ರಗಳದ್ದು), ಡೀಡ್ ಬುಕ್ (ಭೂಮಿ ಪತ್ರಗಳದ್ದು), ಕೋರ್ಟಿನ ಆರ್ಡರ್ ಬುಕ್ (ಆದೇಶಗಳದ್ದು) ಇದೆಲ್ಲ ಕೈಯಲ್ಲಿ ಹಿಡಿದು ಗೊತ್ತಿರುವವರಿಗೆ ಇದು, ಅದನ್ನು ಹೆಚ್ಚು ವಿವರಿಸ್ಲಿಕ್ಕೆ ಹೋಗುವುದಿಲ್ಲ.

ಶುರು ಮಾಡಿದ್ದು ಎಲ್ರೂ ಮಾಡುವ ಹಾಗೆಯೇ, ಸರ್‌ನೇಮ್ ಹಿಡಿದು. 1704ರ ಕ್ವಿಟ್ ರೆಂಟ್ ರೋಲ್, ಅಂದ್ರೆ ರಾಜನಿಗೆ ಭೂಮಿಯ ಬಾಡಿಗೆ ಕಟ್ಟುವವರ ಪಟ್ಟಿ, ತಗೋ, ಯಾರಿಗೆ ಎಷ್ಟು ಎಕರೆ ನೋಡು, ಎಪ್ಪತ್ತು ಎಂಬತ್ತು ವರ್ಷ ಬಿಟ್ಟು ಅದೇ ಹೆಸರು ಉಂಟಾ ನೋಡು. ಆದ್ರೆ ನನಗೆ ಬೇಕಾಗಿದ್ದು ನಾರ್ದರ್ನ್ ನೆಕ್, ಪೊಟೊಮ್ಯಾಕ್ ಮತ್ತು ರಾಪಹ್ಯಾನಕ್ ಎರಡು ನದಿಗಳ ನಡುವಿನ ಜಾಗ, ಅದು ಆ ರೋಲಲ್ಲೇ ಇಲ್ಲ! ಅಲ್ಲಿನ ಭೂಮಿ ರಾಜನದ್ದಲ್ಲ, ಕಲ್ಪೆಪರ್ ಮತ್ತು ಆಮೇಲೆ ಫೇರ್‌ಫ್ಯಾಕ್ಸ್ ಮನೆಯವರ ಖಾಸಗಿ ಸ್ವತ್ತು, ಬಾಡಿಗೆ ಅವರ ಪೆಟ್ಟಿಗೆಗೆ ಹೋಗ್ತಿತ್ತು. ಸರಿ ಅಂತ ಕೌಂಟಿ (ಅಲ್ಲಿನ ಜಿಲ್ಲೆ) ಕೋರ್ಟಿನ ಜಸ್ಟಿಸ್‌ಗಳು, ಚರ್ಚಿನ ವೆಸ್ಟ್ರಿ (ಆಡಳಿತ ಮಂಡಳಿ) ಮೆಂಬರ್‌ಗಳು ಇವರ ಹೆಸರು ಹೆಕ್ಕಿ ನಾನೇ ಲಿಸ್ಟ್ ಮಾಡಿದೆ. ಆ ಎರಡು ಜಾಗ ಯಾಕೆ ಅಂದ್ರೆ ಎರಡೂ ತಮ್ಮನ್ನು ತಾವೇ ತುಂಬಿಸಿಕೊಳ್ಳುವ ಸಂಸ್ಥೆಗಳು, ವೆಸ್ಟ್ರಿಯಲ್ಲಿ ಸೀಟ್ ಖಾಲಿ ಆದ್ರೆ ಉಳಿದವರೇ ಆರಿಸಿ ಕೂರಿಸೋದು, ಕೋರ್ಟಲ್ಲಿ ಜಸ್ಟಿಸ್‌ಗಳು ಕೊಟ್ಟ ಹೆಸರಿಗೇ ಗವರ್ನರ್ ಸಾಮಾನ್ಯವಾಗಿ ಸೈ ಹಾಕೋದು.

ಆ ಲಿಸ್ಟನ್ನು ಸರ್‌ನೇಮ್ ಮೇಲೆ ಓಡಿಸಿದಾಗ ಮೂರನೇ ತಲೆಮಾರಿಗೆ ತುಂಬಾ ಮನೆಗಳು ನಾಪತ್ತೆ. ಕೆಂಪು ಬಣ್ಣ ಹಾಕಿ ಹಾಕಿ ಶೀಟ್ ಎಲ್ಲ ಕುಂಕುಮ. ಅದನ್ನು ನೋಡಿದವ್ರೆಲ್ಲ "ನೋಡಿ, ಈ ದೊಡ್ಡ ಮನೆಗಳು ಬಂದವು ಹೋದವು, ಉಳ್ಕೊಂಡದ್ದು ಒಂದೆರಡು" ಅಂತ ತೀರ್ಮಾನ ಕೊಟ್ಟಾಯ್ತು. ನನಗೆ ಮಾತ್ರ ನಂಬಿಕೆ ಬರ್ಲಿಲ್ಲ. ಕೋರ್ಟಿನ ಪುಸ್ತಕದಲ್ಲಿ ಹೆಸರು ಬದಲಾಗ್ತದೆ, ಆದ್ರೆ ಅದೇ ನಾಲ್ಕು ಮನೆಯವರು ಒಬ್ರಿಗೊಬ್ರು ಜಾಮೀನು, ಒಬ್ರಿಗೊಬ್ರು ಸಾಕ್ಷಿ.

ನಾನು ಉಡುಪಿ ಕಡೆಯವ, ನಮ್ಮದು ಅಳಿಯಕಟ್ಟಿನ ಕುಟುಂಬ. ನಮ್ಮಲ್ಲಿ ಹೊಸಬರು ಸಿಕ್ಕಿದ್ರೆ ಬಳಿ, ಅಂದ್ರೆ ಕುಲ, ಯಾವುದು ಅಂತ ಕೇಳೋದು, ಅದು ಬರೋದು ಅಮ್ಮನ ಕಡೆಯಿಂದ, ಅಪ್ಪನ ಹೆಸರು ಹಿಡಿದು ನಮ್ಮ ಮನೆ ಹುಡುಕಿದ್ರೆ ನಾವೂ ಎರಡು ತಲೆಮಾರಲ್ಲಿ ನಾಪತ್ತೆಯೇ. ವರ್ಜೀನಿಯಾದಲ್ಲಿ ಆಸ್ತಿ ಗಂಡುಮಕ್ಕಳಿಗೆ ಅನ್ನೋದು ಸರಿ, ನಮ್ಮ ಹಾಗಲ್ಲ. ಆದ್ರೆ ಹುಡುಕೋದನ್ನಾದ್ರೂ ಅಮ್ಮಂದಿರ ಕಡೆಯಿಂದ ಮಾಡಿ ನೋಡುವ ಅಂತ ಅನಿಸಿತು.

ಶೀಟಿಗೆ ಹೊಸ ಕಾಲಂ ಹಾಕಿದೆ. ಮಗಳು, ಅವಳ ಗಂಡ, ಆ ಗಂಡ ಸತ್ತ ಮೇಲೆ ಅವಳ ಮುಂದಿನ ಗಂಡ. ಎಕ್ಸಿಕ್ಯೂಟರ್ (ವಿಲ್ ಜಾರಿ ಮಾಡುವವ) ಯಾರು, ಮಕ್ಕಳಿಗೆ ಗಾರ್ಡಿಯನ್ ಯಾರು, ಆ ಗಾರ್ಡಿಯನ್ನಿಗೆ ಜಾಮೀನು ನಿಂತವ ಯಾರು. ಆಮೇಲೆ ಮೊದಲ ಹೆಸರು, ಅದೇ ದೊಡ್ಡ ಸುಳಿವು ಮಾರಾಯ್ರೆ, ಅಲ್ಲಿ ಅಮ್ಮನ ಮನೆತನದ ಹೆಸರನ್ನೇ ಮಗನಿಗೆ ಇಡ್ತಿದ್ರು: ಕಾರ್ಟರ್ ಬರ್ವೆಲ್, ಕಾರ್ಟರ್ ಬ್ರಾಕ್ಸ್‌ಟನ್, ರಾಬರ್ಟ್ ಕಾರ್ಟರ್ ನಿಕೊಲಸ್. ಇನ್ನೊಂದು ಕಾಲಂ ತುಂಬಿಸುವಾಗ ಕೈ ನಡುಗ್ತದೆ, ಗುಲಾಮರ ಹೆಸರುಗಳು. ಅಪ್ಪನ ಇನ್ವೆಂಟರಿಯಲ್ಲಿ, ಅಂದ್ರೆ ಸತ್ತ ಮೇಲೆ ಮಾಡುವ ಆಸ್ತಿ ಪಟ್ಟಿಯಲ್ಲಿ, ಇದ್ದ ಐದಾರು ಹೆಸರು ಒಟ್ಟಿಗೆ ಅಳಿಯನ ಇನ್ವೆಂಟರಿಯಲ್ಲಿ ಕಾಣಿಸಿದ್ರೆ ಮದುವೆ ರೆಕಾರ್ಡ್ ಇಲ್ಲದಿದ್ರೂ ಮದುವೆ ಸಿಕ್ಕಿದ ಹಾಗೆ, ಯಾಕಂದ್ರೆ ಆ ಮನುಷ್ಯರನ್ನು ಮಗಳ ಜೊತೆ ಕಳಿಸಿದ್ದು. ಬಾಕಿ ಯಾರ ಸಂಸಾರಗಳು ಇದರಲ್ಲಿ ಹರಿದು ಹೋದವು ಅಂತ ಆ ಪುಸ್ತಕಗಳು ಬರೆಯುವುದಿಲ್ಲ. ಯಾವ ಕಾಲಂಗೆ ಎಷ್ಟು ಮಾರ್ಕ್ ಕೊಡ್ತೇನೆ ಅನ್ನೋದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ, ಅದಕ್ಕೆ ಎರಡು ಚಳಿಗಾಲ ಹೋಗಿದೆ ನನ್ನದು.

ಮೊದಲು ಉತ್ತರ ಗೊತ್ತಿರುವ ಲೆಕ್ಕ ಹಾಕಿ ನೋಡ್ಬೇಕಲ್ಲ, ಹಾಗಾಗಿ ರಾಬರ್ಟ್ "ಕಿಂಗ್" ಕಾರ್ಟರ್. ಅಪ್ಪ ಜಾನ್ ಕಾರ್ಟರ್ ಇಂಗ್ಲೆಂಡಿಂದ ಬಂದವ, ಐದು ಮದುವೆ, ಅಣ್ಣ 1690ರಲ್ಲಿ ಸತ್ತಾಗ ಆಸ್ತಿಯ ದೊಡ್ಡ ಪಾಲು ರಾಬರ್ಟನ ಕೈಗೆ ಬಂತು. ಆದ್ರೆ ನಿಜವಾದ ದುಡ್ಡು ಹುಟ್ಟಿದ್ದು ಏಜೆಂಟ್ ಕೆಲಸದಿಂದ, 1702ರಿಂದ 1711 ಮತ್ತೆ 1722ರಿಂದ ಸಾಯುವ ತನಕ ಫೇರ್‌ಫ್ಯಾಕ್ಸ್ ಭೂಮಿಯನ್ನು ಹಂಚುವ ಪೆನ್ನು ಇವನ ಕೈಲಿ, ಹಂಚಿದ್ದು ಮಕ್ಕಳಿಗೆ, ಮೊಮ್ಮಕ್ಕಳಿಗೆ, ಅಳಿಯನಿಗೆ. 1732ರಲ್ಲಿ ಸತ್ತಾಗ ಲಂಡನ್ನಿನ ಪತ್ರಿಕೆಯಲ್ಲಿ ಬಂದದ್ದು 3 ಲಕ್ಷ ಎಕರೆ, ಸುಮಾರು 1000 ಗುಲಾಮರು, 10,000 ಪೌಂಡ್ ನಗದು. ಅದನ್ನು ಓದಿಯೇ ಲಾರ್ಡ್ ಫೇರ್‌ಫ್ಯಾಕ್ಸ್‌ಗೆ ತನ್ನ ಏಜೆಂಟ್ ಎಷ್ಟು ತಿಂದಿದ್ದಾನೆ ಅಂತ ಗೊತ್ತಾಯ್ತು ಅಂತ ಹೇಳ್ತಾರೆ, ಆಮೇಲೆ ಆ ಕೆಲಸಕ್ಕೆ ಸ್ವಂತ ದಾಯಾದಿ ವಿಲಿಯಂ ಫೇರ್‌ಫ್ಯಾಕ್ಸನ್ನೇ ಇಟ್ಟ.

ಈಗ ಹೆಣ್ಣುಮಕ್ಕಳ ಕಾಲಂ ಓಡಿಸಿ. ಜೂಡಿತ್ ಹೋದದ್ದು ಪೇಜ್ ಮನೆಗೆ, ಆನ್ ಹ್ಯಾರಿಸನ್ ಮನೆಗೆ, ಮೇರಿ ಬ್ರಾಕ್ಸ್‌ಟನ್ ಮನೆಗೆ, ಲೂಸಿ ಫಿಟ್ಜ್‌ಹ್ಯೂ ಮನೆಗೆ, ಎಲಿಜಬೆತ್ ಬರ್ವೆಲ್ ಮನೆಗೆ ಹೋಗಿ ವಿಧವೆಯಾದ ಮೇಲೆ ಡಾಕ್ಟರ್ ನಿಕೊಲಸ್ ಮನೆಗೆ. ಕಾರ್ಟರ್ ಅನ್ನುವ ಸರ್‌ನೇಮ್ ಮಾತ್ರ ನೋಡಿದ್ರೆ 1776ರ ಡಿಕ್ಲರೇಷನ್ನಿಗೆ, ಅಂದ್ರೆ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ, ಸಹಿ ಹಾಕಿದವರಲ್ಲಿ ಆ ಮನೆಯವ ಒಬ್ಬನೂ ಇಲ್ಲ. ಹೆಣ್ಣಿನ ಕಡೆ ನೋಡಿದ್ರೆ ಇಬ್ಬರು ಮೊಮ್ಮಕ್ಕಳು, ಬೆಂಜಮಿನ್ ಹ್ಯಾರಿಸನ್ ಮತ್ತು ಕಾರ್ಟರ್ ಬ್ರಾಕ್ಸ್‌ಟನ್. ಆ ಹ್ಯಾರಿಸನ್ನನ ಮಗ 1841ರಲ್ಲಿ ಅಮೆರಿಕದ ಅಧ್ಯಕ್ಷ. ಎಲಿಜಬೆತ್‌ಗೋಸ್ಕರ ತಗೊಂಡ ಭೂಮಿಗೆ ಕಾರ್ಟರ್ಸ್ ಗ್ರೋವ್ ಅನ್ನೋ ಹೆಸರೇ ಕಾಯಂ ಇರ್ಬೇಕು ಅಂತ ಮುದುಕ ವಿಲ್ಲಲ್ಲಿ ಬರೆದಿಟ್ಟಿದ್ದ, ಅಲ್ಲಿ ಮನೆ ಕಟ್ಟಿದ್ದು ಬರ್ವೆಲ್ ಮೊಮ್ಮಗ.

ನನಗೆ ಜಾಸ್ತಿ ಖುಷಿ ಕೊಟ್ಟದ್ದು 1766ರದ್ದು. ವರ್ಜೀನಿಯಾ ಶಾಸನಸಭೆಯ ಸ್ಪೀಕರ್ ಕಮ್ ಖಜಾಂಚಿ ಜಾನ್ ರಾಬಿನ್ಸನ್ ಸತ್ತಾಗ ಗೊತ್ತಾದದ್ದು ಎಂತ, ಸುಟ್ಟು ಹಾಕ್ಬೇಕಿದ್ದ ಕಾಗದದ ನೋಟನ್ನು ಸುಡದೆ ಸ್ನೇಹಿತರಿಗೆ ಸಾಲ ಕೊಟ್ಟಿದ್ದ, ಸುಮಾರು ಒಂದು ಲಕ್ಷ ಪೌಂಡ್! ಸಾಲಗಾರರ ಪಟ್ಟಿಯಲ್ಲಿ ದೊಡ್ಡ ದೊಡ್ಡ ಮನೆಯವರು. ಇಷ್ಟೆಲ್ಲ ರಂಪ ಆದ ಮೇಲೆ ಖಜಾಂಚಿ ಆದದ್ದು ಯಾರು? ರಾಬರ್ಟ್ ಕಾರ್ಟರ್ ನಿಕೊಲಸ್, ಅದೇ ಎಲಿಜಬೆತ್‌ಳ ಎರಡನೇ ಮದುವೆಯ ಮಗ. ಸರ್‌ನೇಮ್ ಶೀಟಲ್ಲಿ ಅವ ಹೊಸ ಮನೆಯವ.

"ಇದೆಲ್ಲ ಗೊತ್ತಿರುವ ಮನೆಯೇ, ಸಣ್ಣವರ ಮೇಲೆ ನಡೆದೀತಾ" ಅಂತ ಪ್ರೊಫೆಸರ ಮುಂದಿನ ಪ್ರಶ್ನೆ. ಲ್ಯಾಂಕಸ್ಟರ್ ಮತ್ತು ವೆಸ್ಟ್‌ಮೋರ್‌ಲ್ಯಾಂಡ್ ಕೌಂಟಿಗಳ ಪುಸ್ತಕ 1650ರ ದಶಕದಿಂದ ಉಂಟು, ಅಲ್ಲಿನ ಎರಡನೇ ಸಾಲಿನ ಜಸ್ಟಿಸ್ ಮನೆಗಳ ಮೇಲೆ ಓಡಿಸಿದೆ, ಕೆಂಪು ಹಾಕಿದ್ದರಲ್ಲಿ ಹೆಚ್ಚಿನವು ಬೇರೆ ಹೆಸರಲ್ಲಿ ವಾಪಸ್ ಬಂದ್ವು. ತಲೆನೋವು ಆದದ್ದು ಗ್ಲಾಸ್ಟರ್, ಪೇಜ್ ಮತ್ತು ಬರ್ವೆಲ್‌ಗಳ ಕೌಂಟಿ, 1820ರಲ್ಲಿ ಒಮ್ಮೆ ಸುಟ್ಟಿತು, ಉಳಿದದ್ದನ್ನು ಅಮೆರಿಕದ ಅಂತರ್ಯುದ್ಧದಲ್ಲಿ ಸೇಫ್ ಅಂತ ರಿಚ್‌ಮಂಡಿಗೆ ಕಳಿಸಿದ್ರು, 1865ರಲ್ಲಿ ರಿಚ್‌ಮಂಡೇ ಸುಟ್ಟಿತು. ಒಂದು ಇಡೀ ಬೇಸಗೆ ಅಲ್ಲೇ ಸಿಕ್ಕಿಹಾಕ್ಕೊಂಡಿದ್ದೆ. ದಾರಿ ಸಿಕ್ಕಿದ್ದು ಸಾಲ ಕೊಟ್ಟವರ ಕಡೆಯಿಂದ, ಅಮೆರಿಕ ಸ್ವತಂತ್ರ ಆದ ಮೇಲೆ ಬ್ರಿಟಿಷ್ ವ್ಯಾಪಾರಿಗಳು ಬರಬೇಕಾದ ಹಣಕ್ಕೆ ಹಾಕಿದ ಕ್ಲೇಮ್ ಕಾಗದಗಳು. ಸಾಲ ಕೊಟ್ಟವನಿಗೆ ಯಾರ ಅಳಿಯ ಯಾರು ಅನ್ನೋದು ಸಂಬಂಧಿಕರಿಗಿಂತ ಚೆನ್ನಾಗಿ ಗೊತ್ತಿರ್ತದೆ. ಇದಕ್ಕೆ ಜೋಡಿಯಾಗಿ ಇನ್ನೊಂದು ಕಾಗದದ ಕಟ್ಟು ಉಂಟು, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರ್ಲಿ.

ವಿಧವೆಯರಿಗೆ ಬೇರೆಯೇ ಶೀಟ್ ಮಾಡಿ, ಇದು ಮಾತ್ರ ಬಿಡ್ಬೇಡಿ. ವಿಲಿಯಂ ಫೇರ್‌ಫ್ಯಾಕ್ಸನ ಮಗಳು ಆನ್ ಮದುವೆ ಆದದ್ದು ಲಾರೆನ್ಸ್ ವಾಷಿಂಗ್ಟನ್ನನ್ನು, ಅವ 1752ರಲ್ಲಿ ಸತ್ತ ಮೇಲೆ ಜಾರ್ಜ್ ಲೀ ಎಂಬವನನ್ನು. ಲಾರೆನ್ಸನ ಮೌಂಟ್ ವರ್ನನ್ ಎಸ್ಟೇಟು ಅವಳ ಜೀವನಪೂರ್ತಿ ಹಕ್ಕಿನದ್ದು, ಮೈದುನ ಜಾರ್ಜ್ ವಾಷಿಂಗ್ಟನ್ 1754ರಿಂದ ಅವಳಿಗೆ ಬಾಡಿಗೆ ಕಟ್ತಿದ್ದ, ವರ್ಷಕ್ಕೆ 15,000 ಪೌಂಡ್ ತೂಕದ ಹೊಗೆಸೊಪ್ಪಿನ ಲೆಕ್ಕದಲ್ಲಿ. 1761ರಲ್ಲಿ ಅವಳು ಸತ್ತ ಮೇಲೆಯೇ ಅದು ಅವನದ್ದಾದದ್ದು. ಬರ್ಡ್ ಮನೆಯೂ ಹಾಗೆಯೇ, ಮೂರನೇ ವಿಲಿಯಂ ಬರ್ಡ್ ಜೂಜಾಡಿ, ಸಾಲ ತೀರಿಸ್ಲಿಕ್ಕೆ 1768ರಲ್ಲಿ ಆಸ್ತಿಗೆ ಲಾಟರಿ ಹಾಕಿ, 1777ರಲ್ಲಿ ಆತ್ಮಹತ್ಯೆ ಮಾಡ್ಕೊಂಡ. ಎಲ್ರೂ ಕಥೆ ಅಲ್ಲಿಗೇ ನಿಲ್ಲಿಸ್ತಾರೆ, ಆದ್ರೆ ಹೆಂಡತಿ ಮೇರಿ ವಿಲ್ಲಿಂಗ್ ಸಾಲವನ್ನೂ ನೋಡ್ಕೊಂಡು ವೆಸ್ಟ್‌ಓವರ್ ಮನೆಯನ್ನು 1814ರಲ್ಲಿ ತಾನು ಸಾಯುವ ತನಕ ಬಿಡ್ಲಿಲ್ಲ.

ನಡುವೆ ಒಂದೆರಡು ಅಡ್ಡ ಪ್ರಯೋಗ. ಹಳೇ ಕೈಬರಹ ಓದುವ ಸಾಫ್ಟ್‌ವೇರಿಗೆ ಹತ್ತಿರ ಹತ್ತಿರ 400 ಡಾಲರ್ ಹೋಯ್ತು, ಅದು ಎಕ್ಸಿಕ್ಯೂಟರ್‌ಗಳ ಹೆಸರು ಚೆನ್ನಾಗಿ ಓದ್ತದೆ, ಗುಲಾಮರ ಹೆಸರಿಗೆ ಬಂದ್ರೆ ಬಾಯಿಗೆ ಬಂದದ್ದು ಬರೀತದೆ, ಕೊನೆಗೆ ಆ ಕಾಲಂ ಎಲ್ಲ ಕಣ್ಣಲ್ಲೇ ಓದಿದ್ದು. ಡೀಡಿನ ಗಡಿಗಳನ್ನು ಮ್ಯಾಪಿಗೆ ಹಾಕ್ಲಿಕ್ಕೂ ನೋಡಿದೆ, ಅಳತೆಯ ಒಂದು ಪೋಲ್ ಅಂದ್ರೆ 16.5 ಅಡಿ, ಅದು ಸುಲಭ, ಆದ್ರೆ ಶುರುವಾಗೋದು ಒಂದು ಬಿಳಿ ಓಕ್ ಮರದಿಂದ, ಆ ಮರ ಈಗ ಎಲ್ಲಿ ಹುಡುಕೋದು? ಒಂದು ಮಾತ್ರ ಸರಿಯಾಗಿ ಕೂತಿತು, ಇಲ್ಲಿ ವರ್ಜೀನಿಯಾದಲ್ಲಿರುವ ನಮ್ಮಲ್ಲಿ ಅರ್ಧ ಜನ ದಿನಾ ಗಾಡಿ ಓಡಿಸುವ ಹರ್ನ್‌ಡನ್ ಪಕ್ಕದ ಫ್ರೈಯಿಂಗ್ ಪ್ಯಾನ್ ಕಡೆಯ ಜಾಗ. ಅಲ್ಲಿ ಕಿಂಗ್ ಕಾರ್ಟರ್ ಇಬ್ಬರು ಗಂಡುಮಕ್ಕಳು ಮತ್ತು ಅಳಿಯ ಮ್ಯಾನ್ ಪೇಜ್ ಜೊತೆ ಕಂಪನಿ ಕಟ್ಟಿ ತಾಮ್ರ ತೆಗೀಲಿಕ್ಕೆ ಹೊರಟಿದ್ದ. ತಾಮ್ರದಲ್ಲಿ ಲಾಭ ಹುಟ್ಟಲಿಲ್ಲ, ಭೂಮಿ ಉಳೀತು.

ಒಟ್ಟು ಖರ್ಚು ಕೇಳಿದ್ರೆ, ಪೆಟ್ರೋಲು, ರಿಚ್‌ಮಂಡಿನ ಪಾರ್ಕಿಂಗು, ಸ್ಕ್ಯಾನ್ ಕಾಪಿ, ಯಾವುದೋ ಸಬ್‌ಸ್ಕ್ರಿಪ್ಶನ್ನು ಎಲ್ಲ ಸೇರಿ ಎರಡೂವರೆ ಸಾವಿರ ಡಾಲರಿನ ಆಸುಪಾಸು, ಹೆಂಡತಿಗೆ ಹೇಳಿದ್ದು ಸಾವಿರದ ಇನ್ನೂರು. ದುಡ್ಡು ಉಳಿಸ್ಬೇಕು ಅಂದ್ರೆ ಸಬ್‌ಸ್ಕ್ರಿಪ್ಶನ್ ಬಿಟ್ಟು ಲೈಬ್ರರಿ ಆಫ್ ವರ್ಜೀನಿಯಾದ ಮೈಕ್ರೋಫಿಲ್ಮಲ್ಲೇ ಕೂತ್ಕೊಳ್ಳಿ. ಮತ್ತೆ ತಾರೀಕು ನೋಡ್ಕೊಳ್ಳಿ, 1752ಕ್ಕೆ ಮೊದಲು ಹೊಸ ವರ್ಷ ಮಾರ್ಚ್ 25ಕ್ಕೆ, ಫೆಬ್ರವರಿಯ ವಿಲ್ಲನ್ನು ಹಾಗೇ ಟೈಪ್ ಮಾಡಿದ್ರೆ ಸತ್ತವ ಮುಂದಿನ ಡಿಸೆಂಬರಲ್ಲಿ ಸಾಕ್ಷಿ ಹಾಕಿದ ಹಾಗೆ ಕಾಣ್ತದೆ.

ಈ ಮನೆಗಳನ್ನು ಉಳಿಸಿದ್ದು ಎಂಟೇಲ್ ಕಾಯ್ದೆಯಲ್ವಾ ಅಂತ ಕೇಳುವವರಿಗೆ ನನ್ನ ಉತ್ತರ ಇಷ್ಟೇ. ಭೂಮಿಯನ್ನು ಮಾರ್ಲಿಕ್ಕೆ ಆಗದ ಹಾಗೆ ವಂಶಕ್ಕೆ ಕಟ್ಟಿಹಾಕುವ ಆ ಕಟ್ಟು 1705ರ ಕಾಯ್ದೆಯಲ್ಲಿ ಬಿಗಿಯಾಯ್ತು, 1727ರಲ್ಲಿ ಗುಲಾಮರನ್ನೂ ಭೂಮಿ ಜೊತೆ ಸೇರಿಸಿ ಕಟ್ಟುವ ಹಾಗಾಯ್ತು, 1776ರಲ್ಲಿ ಜೆಫರ್ಸನ್ ತೆಗೆಸಿದ. ಕಾಯ್ದೆಯೇ ಇವರನ್ನು ಹಿಡಿದಿಟ್ಟದ್ದು ಅಂತಾದ್ರೆ ಅಲ್ಲಿಗೆ ಮುಗೀಬೇಕಿತ್ತಲ್ಲ. ಶರ್ಲಿ ಪ್ಲಾಂಟೇಶನ್ 1723ರಲ್ಲಿ ಹಿಲ್ ಮನೆಯ ಮಗಳು ಎಲಿಜಬೆತ್ ಮೂಲಕ ಕಾರ್ಟರ್‌ಗಳಿಗೆ ಬಂತು, ಈಗಲೂ ಅದೇ ವಂಶದ ಕೈಲಿ ಉಂಟು. ಅದೇ ಮನೆಯ ಆನ್ ಹಿಲ್ ಕಾರ್ಟರ್ 1793ರಲ್ಲಿ ಲೀ ಮನೆಗೆ ಹೋದಳು, ಮಗ ಅಂತರ್ಯುದ್ಧದಲ್ಲಿ ದಕ್ಷಿಣದ ಸೇನಾಪತಿ ರಾಬರ್ಟ್ ಇ. ಲೀ. ಇದರಲ್ಲಿ ದಾರಿ ಬಿಟ್ಟವ ಅಂದ್ರೆ ಕಿಂಗ್ ಕಾರ್ಟರನ ಮೊಮ್ಮಗ ಮೂರನೇ ರಾಬರ್ಟ್ ಒಬ್ಬ, 1791ರಲ್ಲಿ ಡೀಡ್ ಬರೆದು 450ಕ್ಕೂ ಹೆಚ್ಚು ಗುಲಾಮರ ಬಿಡುಗಡೆ ಶುರು ಮಾಡಿದ. ಅವನ ಮಗನೇ ನಮ್ಮ ಲೀಸ್‌ಬರ್ಗ್ ಹತ್ತಿರ ಓಟ್‌ಲ್ಯಾಂಡ್ಸ್ ಕಟ್ಟಿ ಮತ್ತೆ ಗುಲಾಮರನ್ನು ಇಟ್ಕೊಂಡದ್ದು.

ಈಗ ಬಾಕಿ ಇರೋದು ಬರ್ವೆಲ್‌ಗಳು. ತಲೆಮಾರಿಗೊಬ್ಬ ಲೂಯಿಸ್ ಬರ್ವೆಲ್, ಕೆಲವು ಸಲ ಒಟ್ಟಿಗೆ ಇಬ್ಬರು, ಅಕ್ಕಪಕ್ಕದ ಕೌಂಟಿಯಲ್ಲಿ. ಹೆಂಡತಿಯರ ಹೆಸರಿಂದಲೇ ಬೇರೆ ಮಾಡ್ತಾ ಇದ್ದೇನೆ, ಇಬ್ಬರ ಹೆಂಡತಿಯರದ್ದೂ ಒಂದೇ ಹೆಸರು ಬಂದಲ್ಲಿ ಜಾಮೀನುದಾರರ ಕಾಲಂ ನೋಡ್ತೇನೆ, ಅರ್ಧದಷ್ಟು ಆಗಿದೆ.