ಹಳದಿ ಗೂಡಿನ ಒಳಗಿದ್ದ ಬಿಳಿ

ಶಿಡ್ಲಘಟ್ಟದ ಹತ್ತಿರ ನಮ್ಮದು ಒಂದೂವರೆ ಎಕರೆ ಹಿಪ್ಪುನೇರಳೆ ತೋಟ. ಸಾಕುವುದು ಮಿಶ್ರತಳಿ ರೇಷ್ಮೆ ಹುಳು. ತಾಯಿ ಮೈಸೂರು ತಳಿ, ತಂದೆ ಸಿಎಸ್‌ಆರ್-2 ಅನ್ನೋ ತಳಿ. ತಾಯಿ ಕಡೆಯ ಗೂಡು ಹಸಿರು ಬೆರೆತ ಹಳದಿ. ನೂಲು ಸುಮಾರು 400 ಮೀಟರ್ ಅಷ್ಟೇ, ಆದರೆ ಹುಳು ಗಟ್ಟಿ. ತಂದೆ ಕಡೆಯದು ಬಿಳಿ ಗೂಡು, ನೂಲು ಜಾಸ್ತಿ, ಹುಳು ನಾಜೂಕು. ಇವೆರಡಕ್ಕೆ ಹುಟ್ಟಿದ ಹುಳುಗಳೆಲ್ಲ ಹಳದಿ ಗೂಡೇ ಕಟ್ಟುತ್ತವೆ.

ಪ್ರತಿ ಬೆಳೆಗೂ ಮೊಟ್ಟೆಗೆ ದುಡ್ಡು ಯಾಕೆ ಸುರಿಯಬೇಕು, ನಮ್ಮ ಗೂಡಿನಿಂದಲೇ ಮಾಡಿಕೊಂಡರೆ ಆಗಲ್ವಾ ಅಂತ ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಒಂದು ಸಲ ಹತ್ತು ಒಳ್ಳೆಯ ಗೂಡು ಎತ್ತಿಟ್ಟೆ. ಚಿಟ್ಟೆ ಹೊರಬಂದ ಮೇಲೆ ಒಂದು ಜೋಡಿ ಕೂಡಿಸಿ, ಕಾಗದದ ಮೇಲೆ ಮೊಟ್ಟೆ ಇಡಿಸಿದೆ. ಎಲ್ಲ ಒಡೆಯಲಿಲ್ಲ. ಒಡೆದ ಮರಿಗಳನ್ನು ಹುಳು ಮನೆಯಿಂದ ದೂರ, ಹಳೇ ಮನೆಯ ಪಡಸಾಲೆಯಲ್ಲಿ ಮೇಯಿಸಿದೆ.

ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ನಾವು ಜ್ವರ ಅಂತೀವಿ. ಮೂರನೇ ಜ್ವರದಲ್ಲೇ ಅನುಮಾನ ಬಂತು. ಮಾಮೂಲಿ ಬೆಳೆ ಒಟ್ಟಿಗೆ ಜ್ವರಕ್ಕೆ ಕೂರುತ್ತದೆ, ಒಟ್ಟಿಗೆ ಏಳುತ್ತದೆ. ಇಲ್ಲಿ ಕೆಲವು ಎದ್ದು ಸೊಪ್ಪಿಗೆ ತಡಕಾಡುತ್ತಿದ್ದರೆ, ಪಕ್ಕದವು ಇನ್ನೂ ತಲೆ ಎತ್ತಿ ಅಲ್ಲಾಡದೆ ಕೂತಿದ್ದವು. ಹುಳು ಹಣ್ಣಾಗಿ ಗೂಡು ಕಟ್ಟಲು ತಯಾರಾಗುವುದೂ ಐದು ದಿನ ಎಳೆಯಿತು. ಹುಳು ಗೂಡು ಕಟ್ಟುವ ಚಂದ್ರಿಕೆಯಿಂದ ಗೂಡು ಬಿಡಿಸಿ ಮೊರಕ್ಕೆ ಹಾಕಿದಾಗ ಅಮ್ಮ, "ಯಾರ ಮನೆ ಗೂಡು ಬೆರೆಸಿದೀಯೋ?" ಅಂದರು. 190 ಗೂಡಿನಲ್ಲಿ 52 ಬಿಳಿ. ಉಳಿದವೂ ಒಂದೇ ಬಣ್ಣವಲ್ಲ. ಕೆಲವು ಗಾಢ, ಕೆಲವು ಪೇಲವ.

ಈ ಹುಳುಗಳ ಅಪ್ಪ ಅಮ್ಮ ಇಬ್ಬರೂ ಹಳದಿ, ಬಿಳಿ ಬಂದದ್ದು ತಾತ ಸಿಎಸ್‌ಆರ್-2ನಿಂದ. ಪ್ರತಿ ಹುಳುವಿಗೂ ತಾಯಿಯಿಂದ ಒಂದು, ತಂದೆಯಿಂದ ಒಂದು ಬಣ್ಣದ ವಂಶವಾಹಿ ಸಿಗುತ್ತದೆ. ಹಳದಿಯದು ಒಂದಿದ್ದರೂ ಸಾಕು, ಗೂಡು ಹಳದಿ. ಬಿಳಿಯದು ಸುಮ್ನೆ ಒಳಗಿರುತ್ತದೆ. ಎರಡೂ ಕಡೆಯಿಂದ ಬಿಳಿಯದೇ ಬಂದರೆ ಹೊರಗೆ ಕಾಣುತ್ತದೆ. ಲೆಕ್ಕದ ಪ್ರಕಾರ ಅದು ನಾಲ್ಕರಲ್ಲಿ ಒಂದಕ್ಕೆ. ಬಟಾಣಿಯಲ್ಲಿ ಮೆಂಡೆಲ್ ಕಂಡ ಈ ನಿಯಮವನ್ನು ಜಪಾನಿನ ತೊಯಾಮ ಕಮೆತಾರೊ 1906ರಲ್ಲಿ ರೇಷ್ಮೆ ಹುಳುವಿನಲ್ಲಿ ತೋರಿಸಿದ್ದರು.

ಬಣ್ಣ ಹಾಳಾಗಿ ಹೋಗಲಿ. ಗಟ್ಟಿತನ, ನೂಲಿನ ಉದ್ದ ಇವೂ ಹೀಗೇ ಚದುರಿದ್ದವು. ಇವಕ್ಕೆ ಒಂದಲ್ಲ, ಹಲವು ವಂಶವಾಹಿಗಳು ಸೇರಬೇಕು. ಹಾಗಾಗಿ ಅಜ್ಜಿಯ ಗಟ್ಟಿತನ ಒಂದಕ್ಕೆ, ತಾತನ ನೂಲು ಇನ್ನೊಂದಕ್ಕೆ ಹೋದರೆ ರೈತನಿಗೆ ಏನು ಸಿಕ್ಕಿತು? ಕುಣಿಗಲ್ ಕಡೆ ಮೈಸೂರು ತಳಿಯನ್ನು ಬೇರೆಯಾಗಿಯೇ ಸಾಕಿ ಉಳಿಸಿಕೊಂಡಿರುವುದು ಯಾಕೆ ಅಂತ ಆಗ ಅರ್ಥವಾಯಿತು. ಎರಡು ಶುದ್ಧ ತಳಿ ಇದ್ದರೆ ಮಾತ್ರ ಪ್ರತಿ ಸಲವೂ ಅದೇ ಮಿಶ್ರತಳಿ ಸಿಗುವುದು.

ಇನ್ನೊಂದು ಹೆದರಿಕೆ ಗಂಟುರೋಗದ್ದು. ಅದೂ ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಬರುತ್ತದೆ, ಆದರೆ ವಂಶದ ಗುಣವಲ್ಲ, ಮೈಯೊಳಗೆ ಸೇರಿದ ರೋಗಾಣು. ಮೊಟ್ಟೆ ತಯಾರಿಸುವ ಬಿತ್ತನೆ ಕೇಂದ್ರದವರು ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು ಅದಕ್ಕೇ. ನನ್ನ ಹತ್ತಿರ ಅದೆಲ್ಲಿ? ಒಡೆಯದೆ ಉಳಿದ ಮೊಟ್ಟೆಗಳನ್ನು ಕಾಗದದ ಸಮೇತ ಒಲೆಗೆ ಹಾಕಿದೆ. ಸಂಜೆ, ಮರಿಹುಳು ಸಾಕಿಕೊಡುವ ಚಾಕಿ ಕೇಂದ್ರಕ್ಕೆ ಹೋಗಿ ನೂರೈವತ್ತು ಮೊಟ್ಟೆಗೆ (ಒಂದು ಚಿಟ್ಟೆ ಇಟ್ಟದ್ದೆಲ್ಲ ಸೇರಿ ನಮ್ಮ ಲೆಕ್ಕದಲ್ಲಿ ಒಂದು ಮೊಟ್ಟೆ) ಹೇಳಿ ಬಂದೆ.